ಹಳೇ ಮಾರುತಿ ವ್ಯಾನ್‌ನ ಆಕ್ಸಿಲರೇಟರ್ ಕೇಬಲ್ ಕಟ್ ಆದ್ರೆ ಏನು ಮಾಡಬೇಕು?

ಪೆಡಲ್ ಒತ್ತುತ್ತೀರಿ, ಅದು ಸುಮ್ನೆ ನೆಲಕ್ಕೆ ಹೋಗಿ ಕೂರುತ್ತದೆ. ಎಂಜಿನ್ ಆಫ್ ಆಗಿಲ್ಲ, ಐಡಲ್‌ನಲ್ಲಿ ಓಡುತ್ತಲೇ ಇದೆ, ಆದರೆ ಗಾಡಿ ಮುಂದಕ್ಕೆ ಎಳೆಯುತ್ತಿಲ್ಲ. ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಇರುವ ಹಳೇ ಮಾರುತಿ ವ್ಯಾನ್‌ನಲ್ಲಿ ಹೀಗಾದರೆ ಮೊದಲು ನೋಡಬೇಕಾದ್ದು ಆಕ್ಸಿಲರೇಟರ್ ಕೇಬಲ್. ಗಾಬರಿ ಬೇಡ. ಎಂಜಿನ್‌ಗೆ ಏನೂ ಆಗಿಲ್ಲ.

1984ರಲ್ಲಿ ಬಂದು, 1988ರಲ್ಲಿ ಓಮ್ನಿ ಅಂತ ಹೆಸರಾದ ಈ ಗಾಡಿ 2019ರಲ್ಲಿ ತಯಾರಿಕೆ ನಿಲ್ಲಿಸಿದರೂ ನಮ್ಮ ಊರುಗಳಲ್ಲಿ ಇನ್ನೂ ತರಕಾರಿ, ಹಾಲಿನ ಕ್ಯಾನು, ಮದುವೆಗೆ ಹೊರಟ ಜನ ಎಲ್ಲವನ್ನೂ ಹೊತ್ತು ಓಡಾಡುತ್ತಿದೆ. ಇದರ 796 ಸಿಸಿ, ಮೂರು ಸಿಲಿಂಡರ್ ಎಂಜಿನ್ ಇರೋದು ಮುಂದಿನ ಸೀಟಿನ ಅಡಿಯಲ್ಲಿ. ಹಾಗಾಗಿ ಪೆಡಲ್‌ನಿಂದ ಹೊರಟ ಕೇಬಲ್ ಹಿಂದಕ್ಕೆ ತಿರುಗಿ ಎಂಜಿನ್ ಕಡೆಗೆ ಬರಬೇಕು. ದಾರಿಯಲ್ಲಿ ಧೂಳು, ಕೆಸರು, ಮಳೆ ನೀರು, ಎಂಜಿನ್ ಬಿಸಿ ಎಲ್ಲವೂ ಅದಕ್ಕೆ ತಾಗುತ್ತವೆ.

ದಾರಿಯಲ್ಲೇ ಕಟ್ ಆದರೆ ಗಾಡಿಯನ್ನು ಎಡಕ್ಕೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕೀ ತೆಗೆಯಿರಿ. ಸೀಟ್ ಎತ್ತಿ ಕಾರ್ಬ್ಯುರೇಟರ್ ಕಡೆ ನೋಡಿ. ತುದಿಯ ನಿಪ್ಪಲ್ (ತಂತಿಯ ಕೊನೆಯಲ್ಲಿರುವ ಲೋಹದ ಗುಂಡು) ಹತ್ತಿರ ಮಾತ್ರ ತುಂಡಾಗಿ ಒಳಗಿನ ತಂತಿ ಸಾಕಷ್ಟು ಉಳಿದಿದ್ದರೆ, ಬೈಕ್ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಸ್ಕ್ರೂ ನಿಪ್ಪಲ್ ಕೂರಿಸಿ ಗ್ಯಾರೇಜಿನ ತನಕ ಹೋಗಬಹುದು. ಅದೂ ಇಲ್ಲದಿದ್ದರೆ ಕಾರ್ಬ್ಯುರೇಟರ್‌ನ ಐಡಲ್ ಸ್ಕ್ರೂ ಸ್ವಲ್ಪ ಒಳಕ್ಕೆ ತಿರುಗಿಸಿ, ಆರ್‌ಪಿಎಂ ಏರಿಸಿಕೊಂಡು, ಸಮತಟ್ಟಾದ ರಸ್ತೆಯಲ್ಲಿ ಫಸ್ಟ್ ಗೇರ್‌ನಲ್ಲಿ ನಿಧಾನವಾಗಿ ಹತ್ತಿರದ ಊರು ಸೇರಿಕೊಳ್ಳಿ. ಕೆಲವರು ದಾರ ಕಟ್ಟಿ ಕೈಯಲ್ಲಿ ಎಳೆಯುತ್ತಾ ಓಡಿಸುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ದಾರ ಎಲ್ಲಾದರೂ ಸಿಕ್ಕಿಕೊಂಡು ಥ್ರಾಟಲ್ (ಎಂಜಿನ್‌ಗೆ ಗಾಳಿ-ಪೆಟ್ರೋಲ್ ಬಿಡುವ ಕವಾಟ) ತೆರೆದೇ ಉಳಿದರೆ, ಕೇಬಲ್ ಕಟ್ ಆಗಿದ್ದೇ ವಾಸಿ ಅನ್ನಿಸಿಬಿಡುತ್ತದೆ.

ಹೊಸ ಕೇಬಲ್ ತರುವಾಗ ಹಳೇ ಕೇಬಲ್ ಕೈಯಲ್ಲಿರಲಿ. ಕಾರ್ಬ್ಯುರೇಟರ್ ಗಾಡಿಯದ್ದು ಬೇರೆ, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಯದ್ದು ಬೇರೆ. ಹೊರಗಿನ ಕವಚದ ಉದ್ದ ಸರಿ ಇದ್ದರೆ ಸಾಲದು, ಒಳಗಿನ ತಂತಿ ಎರಡೂ ತುದಿಯಲ್ಲಿ ಎಷ್ಟು ಹೊರಗೆ ಬರುತ್ತದೆ ಅನ್ನೋದೂ ಒಂದೇ ಇರಬೇಕು. ಅಂಗಡಿ ಕೌಂಟರ್ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಾಧ್ಯವಾದರೆ ಎರಡು ಕೊಳ್ಳಿ, ಒಂದು ಗಾಡಿಯಲ್ಲೇ ಇರಲಿ.

ಈಗ ಕೆಲಸ. ಎಂಜಿನ್ ಪೂರ್ತಿ ತಣ್ಣಗಾಗಲಿ. ಏರ್ ಕ್ಲೀನರ್‌ನ ಪೈಪ್ ಬಿಚ್ಚಿ, ಕಾರ್ಬ್ಯುರೇಟರ್ ಬಾಯಿಗೆ ಒಂದು ಶುದ್ಧ ಬಟ್ಟೆ ತುರುಕಿ. ಒಂದು ನಟ್ ಒಳಗೆ ಬಿದ್ದರೆ ಸಣ್ಣ ಕೆಲಸ ದೊಡ್ಡ ಕೆಲಸವಾಗುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಕೇಬಲ್‌ನ ಬಿಗಿ ಹೊಂದಿಸುವ ಅಡ್ಜಸ್ಟರ್‌ನಲ್ಲಿ ಎಷ್ಟು ಥ್ರೆಡ್ ಹೊರಗಿದೆ ಅನ್ನೋದು ಅದರಲ್ಲಿ ಕಾಣಬೇಕು. ಬ್ರಾಕೆಟ್‌ನ ಎರಡು ನಟ್ ಸಡಿಲಿಸಿ, ಕೇಬಲ್ ಎಳೆಯುವ ಥ್ರಾಟಲ್ ಲಿವರ್ ಕೈಯಲ್ಲಿ ತಿರುಗಿಸಿ ಹಿಡಿದು, ನಿಪ್ಪಲ್ ಜಾರಿಸಿ ತೆಗೆಯಿರಿ. ಪೆಡಲ್ ಕಡೆಯದ್ದು ಸ್ವಲ್ಪ ಕಷ್ಟ, ಟಾರ್ಚ್ ಹಿಡಿದು ಸ್ಟೀರಿಂಗ್ ಕೆಳಗೆ ತಲೆ ತೂರಿಸಲೇಬೇಕು.

ಹಳೇ ಕೇಬಲ್ ಎಳೆದುಹಾಕುವ ಮೊದಲು ಅದರ ತುದಿಗೆ ಗಟ್ಟಿ ದಾರ ಕಟ್ಟಿ. ಕೇಬಲ್ ಹೊರಬಂದಾಗ ದಾರ ಅದೇ ದಾರಿಯಲ್ಲಿ ಉಳಿಯುತ್ತದೆ, ಹೊಸದನ್ನು ಅದಕ್ಕೇ ಕಟ್ಟಿ ಎಳೆದರೆ ಆಯ್ತು. ಹಾದಿಯಲ್ಲಿರುವ ಕ್ಲಿಪ್ಪುಗಳನ್ನು ಮೊದಲೇ ಬಿಚ್ಚಿರಿ. ತಗಡಿನ ತೂತಿನಲ್ಲಿ ರಬ್ಬರ್ ಗ್ರೊಮೆಟ್ ಹರಿದಿದ್ದರೆ ಬದಲಿಸಿ, ಇಲ್ಲದಿದ್ದರೆ ತಗಡಿನ ಅಂಚು ಹೊಸ ಕವಚವನ್ನೂ ಕೊರೆಯುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇಲ್ಲಿ: ಹಳೇ ಕೇಬಲ್ ಎಲ್ಲಿ ಕಟ್ ಆಗಿದೆ ಅಂತ ಬೆಳಕಿಗೆ ಹಿಡಿದು ನೋಡಿ. ಎಳೆಗಳು ಒಂದೊಂದಾಗಿ ಹರಿದು, ಕೊನೆಗೆ ಉಳಿದ ನಾಲ್ಕೈದು ಎಳೆ ಭಾರ ತಡೆಯದೆ ತುಂಡಾಗಿರುತ್ತವೆ. ಹರಿದ ತುದಿಗಳಲ್ಲಿ ಕೆಲವು ತುಕ್ಕು ಹಿಡಿದು ಕಪ್ಪಾಗಿರುತ್ತವೆ, ಕೆಲವು ಹೊಳೆಯುತ್ತಿರುತ್ತವೆ. ಕಪ್ಪಗಿರೋದು ಹಿಂದೆಯೇ ಹರಿದದ್ದು, ಹೊಳೆಯೋದು ಈಗ. ಕೆಲವು ದಿನದಿಂದ ಪೆಡಲ್ ಬಿಗಿಯಾಗಿತ್ತಲ್ವಾ? ಕಾರಣ ಅದೇ. ಲಿವರ್ ಹತ್ತಿರ ಕಟ್ ಆಗಿದ್ದರೆ ನಿಪ್ಪಲ್ ಸಲೀಸಾಗಿ ತಿರುಗದೆ ತಂತಿ ಅಲ್ಲೇ ಮಡಚುತ್ತಿತ್ತು ಅಂತ ಅರ್ಥ. ಮಧ್ಯದಲ್ಲಾದರೆ ತುಕ್ಕು, ಇಲ್ಲವೇ ಕವಚದ ಚೂಪಾದ ತಿರುವು. ಥ್ರಾಟಲ್ ಲಿವರನ್ನು ಕೈಯಲ್ಲಿ ಆಡಿಸಿ ನೋಡಿ, ಬಿಗಿ ಇದ್ದರೆ ಕಾರ್ಬ್ಯುರೇಟರ್ ಕ್ಲೀನರ್ ಹೊಡೆದು ತೊಳೆಯಿರಿ. ಬಿಗಿ ಹೋಗಲಿ ಅಂತ ಲಿವರನ್ನು ಹಿಂದಕ್ಕೆ ಎಳೆಯಲು ಜಾಸ್ತಿ ಗಟ್ಟಿಯ ಸ್ಪ್ರಿಂಗ್ ಹಾಕೋದು ತಪ್ಪು, ಆ ಭಾರವನ್ನು ಪ್ರತಿ ಸಲ ಎಳೆಯಬೇಕಾದ್ದು ಹೊಸ ಕೇಬಲ್ಲೇ.

ಹೊಸ ಕೇಬಲ್ ಒಳಗೆ ಪ್ಲಾಸ್ಟಿಕ್ ಪದರ ಇದ್ದರೆ ಎಣ್ಣೆ ಬೇಡ. ಇಲ್ಲದಿದ್ದರೆ ನೇತುಹಾಕಿ ನಾಲ್ಕು ಹನಿ ತೆಳು ಮೆಷಿನ್ ಎಣ್ಣೆ ಇಳಿಸಿ. ಗ್ರೀಸ್ ಬೇಡವೇ ಬೇಡ, ಧೂಳು ಸೇರಿ ಗಟ್ಟಿಯಾಗುತ್ತದೆ. ಕೂರಿಸುವಾಗ ಸೈಲೆನ್ಸರ್ ಪೈಪಿನಿಂದ ದೂರ ಇರಲಿ, ತಿರುವುಗಳು ಅಗಲವಾಗಿರಲಿ.

ಕಾರ್ಬ್ಯುರೇಟರ್ ಬಾಯಿಯ ಬಟ್ಟೆ ತೆಗೆದು ಏರ್ ಕ್ಲೀನರ್ ಪೈಪ್ ಜೋಡಿಸಿ. ಅಡ್ಜಸ್ಟ್ ಮಾಡುವ ಮೊದಲು ಎಂಜಿನ್ ಬಿಸಿಯಾಗಿ, ಚೋಕ್ ಪೂರ್ತಿ ಒಳಗಿರಬೇಕು. ಆಮೇಲೆ ಎಂಜಿನ್ ಆಫ್ ಮಾಡಿ. ಪೆಡಲ್ ಬಿಟ್ಟಾಗ ಬೆರಳಲ್ಲಿ ಒತ್ತಿದರೆ ಒಳತಂತಿ ತುಸು ಆಡಬೇಕು, ಪೂರ್ತಿ ಬಿಗಿ ಇದ್ದರೆ ಐಡಲ್ ಇಳಿಯುವುದಿಲ್ಲ. ಈಗ ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ನೀವು ಲಿವರ್ ನೋಡಿ. ಅದು ಪೂರ್ತಿ ತೆರೆಯಬೇಕು, ಆದರೆ ಕಾಲಿನ ಒತ್ತಡವನ್ನು ತಡೆಯಬೇಕಾದ್ದು ಪೆಡಲ್‌ನ ಸ್ಟಾಪ್, ಕೇಬಲ್ ಅಲ್ಲ. ಎಷ್ಟೋ ಹೊಸ ಕೇಬಲ್‌ಗಳು ಬೇಗ ಹರಿಯೋದು ಈ ಒಂದು ಕಾರಣಕ್ಕೆ. ಪೆಡಲ್ ಕೆಳಗೆ ದಪ್ಪ ಮ್ಯಾಟ್ ಇದ್ದರೆ ತೆಗೆದುಬಿಡಿ.

ಪೆಡಲ್ ಒತ್ತಿ ಥಟ್ಟನೆ ಬಿಡಿ, ಲಿವರ್ ಟಕ್ ಅಂತ ಹಿಂದಕ್ಕೆ ಬರಬೇಕು. ನಾಲ್ಕೈದು ಸಲ ಮಾಡಿ. ಒಮ್ಮೆ ತಡವಾದರೂ ಗಾಡಿ ರಸ್ತೆಗಿಳಿಸಬೇಡಿ. ಓಡುವಾಗ ಥ್ರಾಟಲ್ ಸಿಕ್ಕಿಕೊಂಡರೆ ಕ್ಲಚ್ ಒತ್ತಿ, ಬ್ರೇಕ್ ಹಿಡಿದು, ಇಗ್ನಿಷನ್ ಆಫ್ ಮಾಡಿ. ಆದರೆ ಕೀ ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ.

ದಾರಿಯಲ್ಲಿ ಐಡಲ್ ಸ್ಕ್ರೂ ತಿರುಗಿಸಿದ್ದರೆ ಅದನ್ನು ಮೊದಲಿನಂತೆ ಮಾಡಿ. ಬ್ರಾಕೆಟ್‌ನ ಎರಡೂ ನಟ್ ಬಿಗಿ ಮಾಡಿ. ಒಂದೆರಡು ವಾರ ಓಡಿಸಿದ ಮೇಲೆ ಕವಚ ತನ್ನ ಜಾಗದಲ್ಲಿ ಕೂತು ಸಡಿಲ ಸ್ವಲ್ಪ ಜಾಸ್ತಿಯಾಗಿರುತ್ತದೆ, ಆಗ ಸೀಟ್ ಎತ್ತಿ ಅಡ್ಜಸ್ಟರ್ ಇನ್ನೊಮ್ಮೆ ನೋಡಿಕೊಳ್ಳಿ.