ಸೊನ್ನೆಯ ಮೇಲೆ ಸೊನ್ನೆ ಕೂತಾಗ: ನಿಷ್ಪನ್ನ ಬಳಸಿ ಮಿತಿ ಕಂಡುಹಿಡಿಯುವುದು ಹೇಗೆ?

ಮಿತಿಯ ಲೆಕ್ಕ ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ: ಕೊಟ್ಟ ಬೆಲೆಯನ್ನು ಹಾಗೆಯೇ ಆದೇಶಿಸಿ ನೋಡುವುದು. ಎಕ್ಸ್ 2ರ ಕಡೆಗೆ ಸಾಗಿದಾಗ (ಎಕ್ಸ್² + 1)/(ಎಕ್ಸ್ + 3) ಏನಾಗುತ್ತದೆ? 2 ಹಾಕಿದರೆ 5/5, ಉತ್ತರ 1. ಮುಗಿಯಿತು. ತೊಂದರೆ ಶುರುವಾಗುವುದು ಅಂಶವೂ ಸೊನ್ನೆ, ಛೇದವೂ ಸೊನ್ನೆ ಆದಾಗ. ಕೆಲವರು ಉತ್ತರ 0 ಎನ್ನುತ್ತಾರೆ, ಕೆಲವರು 1 ಎನ್ನುತ್ತಾರೆ, ಉಳಿದವರು ಅನಂತ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಮೂವರದ್ದೂ ಊಹೆಯೇ.

ಏಕೆಂದರೆ 0/0 ಎಂಬುದರಿಂದ ಯಾವ ಉತ್ತರ ಬೇಕಾದರೂ ಹುಟ್ಟಬಹುದು. ಎಕ್ಸ್ ಸೊನ್ನೆಯ ಕಡೆಗೆ ಹೋಗುವಾಗ 5ಎಕ್ಸ್/ಎಕ್ಸ್ ಎಂಬುದು 5ರಲ್ಲೇ ನಿಂತಿರುತ್ತದೆ. ಎಕ್ಸ್²/ಎಕ್ಸ್ ಸೊನ್ನೆಗೆ ಇಳಿಯುತ್ತದೆ. ಎಕ್ಸ್/ಎಕ್ಸ್³ ಮಿತಿಯಿಲ್ಲದೆ ಬೆಳೆಯುತ್ತದೆ. ಮೂರರಲ್ಲೂ ನೇರವಾಗಿ ಆದೇಶಿಸಿದರೆ ಸಿಗುವುದು ಅದೇ 0/0. ಇದಕ್ಕೇ ಇದನ್ನು ಅನಿರ್ಧಾರಿತ ರೂಪ ಎನ್ನುವುದು. ಮೇಲಿನದು, ಕೆಳಗಿನದು ಎರಡೂ ಸೊನ್ನೆಯಾಗುತ್ತವೆ ಎಂದು ತಿಳಿದರೆ ಸಾಲದು, ಯಾವುದು ಎಷ್ಟು ವೇಗವಾಗಿ ಸೊನ್ನೆಯಾಗುತ್ತದೆ ಎಂದೂ ತಿಳಿಯಬೇಕು. ಬದಲಾವಣೆಯ ವೇಗ ಎಂದ ಮೇಲೆ ನಿಷ್ಪನ್ನ ಬರಲೇಬೇಕಲ್ಲ.

ತರಗತಿಗಳಲ್ಲಿ ಲೋಪಿತಾಲ್ ನಿಯಮ ಎಂದು ಹೇಳಿಕೊಡುವುದು ಇದನ್ನೇ. ಎಫ್ ಮತ್ತು ಜಿ ಎಂಬ ಎರಡು ಫಲನಗಳು ಒಂದು ಬಿಂದುವಿನ ಬಳಿ ಎರಡೂ ಸೊನ್ನೆಗೆ ಹೋಗುತ್ತಿದ್ದರೆ, ಅಥವಾ ಎರಡೂ ಅನಂತಕ್ಕೆ ಹೋಗುತ್ತಿದ್ದರೆ, ಎಫ್/ಜಿ ಎಂಬ ಭಾಗಲಬ್ಧದ ಮಿತಿಯೂ ಅವುಗಳ ನಿಷ್ಪನ್ನಗಳ ಭಾಗಲಬ್ಧವಾದ ಎಫ್′/ಜಿ′ ಎಂಬುದರ ಮಿತಿಯೂ ಒಂದೇ. ಇದಕ್ಕೆ ಷರತ್ತುಗಳಿವೆ. ಆ ಬಿಂದುವಿನ ಆಸುಪಾಸಿನಲ್ಲಿ ಎರಡೂ ಫಲನಗಳಿಗೆ ನಿಷ್ಪನ್ನ ಇರಬೇಕು, ಅಲ್ಲಿ ಜಿ′ ಸೊನ್ನೆಯಾಗಬಾರದು, ಎಫ್′/ಜಿ′ ಎಂಬುದಕ್ಕೆ ಮಿತಿ ಇರಬೇಕು. ಆ ಮಿತಿ ಅನಂತವಾದರೂ ನಡೆಯುತ್ತದೆ. ಆ ಬಿಂದುವಿನಲ್ಲೇ ನಿಷ್ಪನ್ನ ಇರಬೇಕೆಂದೇನೂ ಇಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಮ್ಮೆ ನೋಡಿಕೊಂಡರೆ ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ವಕ್ರರೇಖೆಯೊಂದನ್ನು ಒಂದು ಬಿಂದುವಿನ ತೀರಾ ಹತ್ತಿರದಿಂದ ನೋಡಿದರೆ ಅದು ತನ್ನ ಸ್ಪರ್ಶಕದಂತೆಯೇ ಕಾಣುತ್ತದೆ. ಎ ಎಂಬ ಬಿಂದುವಿನಲ್ಲಿ ಎಫ್ ಸೊನ್ನೆಯಾಗಿದ್ದರೆ, ಅದರ ಬಳಿ ಎಫ್‌ನ ಬೆಲೆ ಹೆಚ್ಚುಕಡಿಮೆ ಎಫ್′(ಎ) × (ಎಕ್ಸ್ − ಎ). ಜಿ ಕೂಡ ಹೀಗೆಯೇ ಜಿ′(ಎ) × (ಎಕ್ಸ್ − ಎ). ಒಂದನ್ನು ಇನ್ನೊಂದರಿಂದ ಭಾಗಿಸಿ. ಎರಡನ್ನೂ ಸೊನ್ನೆ ಮಾಡುತ್ತಿದ್ದ (ಎಕ್ಸ್ − ಎ) ಮೇಲೂ ಕೆಳಗೂ ಹೊಡೆದುಹೋಗುತ್ತದೆ, ಉಳಿಯುವುದು ಇಳಿಜಾರುಗಳ ಅನುಪಾತ. ಕಟ್ಟುನಿಟ್ಟಾದ ಸಾಧನೆಗೆ ಕೌಶಿಯ ಮಧ್ಯಮಮಾನ ಪ್ರಮೇಯ ಬೇಕು. ಅದರ ತಿರುಳೂ ಹೆಚ್ಚು ಬೇರೆಯೇನಲ್ಲ.

ಈಗ ಒಂದು ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸೋಣ. ಎಕ್ಸ್ ಸೊನ್ನೆಯ ಕಡೆಗೆ ಹೋಗುವಾಗ ಇದರ ಮಿತಿ ಎಷ್ಟು? (ಇ ಎಂದರೆ ಸುಮಾರು 2.718 ಬೆಲೆಯ ಸ್ಥಿರಾಂಕ, ^ ಎಂದರೆ ಘಾತ.)

(ಇ^ಎಕ್ಸ್ − 1 − ಎಕ್ಸ್) / ಎಕ್ಸ್²

ಮೊದಲ ಹೆಜ್ಜೆ, ರೂಪದ ತಪಾಸಣೆ. ಸೊನ್ನೆ ಆದೇಶಿಸಿದರೆ ಮೇಲೆ 1 − 1 − 0, ಅಂದರೆ 0, ಕೆಳಗೆ 0. ನಿಯಮ ಬಳಸಬಹುದು. ‘ರೂಪ 0/0’ ಎಂದು ಬದಿಯಲ್ಲಿ ಬರೆದಿಡಿ. ಬರೆಯುವುದು ದಂಡ ಎನಿಸಬಹುದು. ಆದರೆ ಈ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಆ ಒಂದು ಸಾಲನ್ನು ಬರೆಯದೇ ಬಿಟ್ಟಿದ್ದರಿಂದ ಆಗುವಂಥವು.

ಎರಡನೇ ಹೆಜ್ಜೆ, ಅಂಶದ ನಿಷ್ಪನ್ನ ಬೇರೆ, ಛೇದದ ನಿಷ್ಪನ್ನ ಬೇರೆ. ಮೇಲೆ ಇ^ಎಕ್ಸ್ − 1, ಕೆಳಗೆ 2ಎಕ್ಸ್. ಭಾಗಲಬ್ಧದ ನಿಷ್ಪನ್ನಕ್ಕೆಂದು ಕಲಿತ ಸೂತ್ರವನ್ನು, ಅದೇ ‘ಛೇದ ಗುಣಿಸು ಅಂಶದ ನಿಷ್ಪನ್ನ, ಕಳೆ…’ ಎಂದು ಸಾಗುವ ಉದ್ದನೆಯ ಸೂತ್ರವನ್ನು, ಇಲ್ಲಿ ಎಳೆದು ತರಬೇಡಿ. ಇಡೀ ಭಿನ್ನರಾಶಿ ಎಷ್ಟು ವೇಗದಲ್ಲಿ ಬದಲಾಗುತ್ತಿದೆ ಎಂದು ಇಲ್ಲಿ ಯಾರೂ ಕೇಳಿಲ್ಲ. ಬೇಕಾಗಿರುವುದು ಎರಡು ವೇಗಗಳ ಅನುಪಾತ ಮಾತ್ರ.

ಮೂರನೇ ಹೆಜ್ಜೆ, ಮತ್ತೆ ತಪಾಸಣೆ. ಸೊನ್ನೆ ಹಾಕಿದರೆ ಮೇಲೆ 0, ಕೆಳಗೂ 0. ರೂಪ ಇನ್ನೂ ಅನಿರ್ಧಾರಿತವಾಗಿದೆ, ಹಾಗಾಗಿ ಇನ್ನೊಮ್ಮೆ ನಿಷ್ಪನ್ನ ತೆಗೆಯುವ ಹಕ್ಕು ನಮಗಿದೆ. ಮೇಲೆ ಇ^ಎಕ್ಸ್, ಕೆಳಗೆ 2. ಈಗ ಸೊನ್ನೆ ಹಾಕಿದರೆ 1/2. ಅನಿರ್ಧಾರಿತ ಎಂಬುದು ಹೋಯಿತು, ಇಲ್ಲಿಗೆ ನಿಲ್ಲಿಸಬೇಕು. ಉತ್ತರ 1/2.

ನಾಲ್ಕನೇ ಹೆಜ್ಜೆಯನ್ನು ಯಾರೂ ಹೇಳಿಕೊಡುವುದಿಲ್ಲ, ನಾನು ಮಾತ್ರ ಬಿಡುವುದಿಲ್ಲ: ಅಂಕಿ ಹಾಕಿ ನೋಡುವುದು. ಎಕ್ಸ್ 0.1 ಆದಾಗ ಭಾಗಲಬ್ಧ ಸುಮಾರು 0.5171. ಎಕ್ಸ್ 0.01 ಆದಾಗ ಸುಮಾರು 0.5017. ಅರ್ಧದತ್ತ ಸರಿಯುತ್ತಿರುವುದು ಕಣ್ಣಿಗೇ ಕಾಣುತ್ತದೆ. ಹಾಗೆಂದು ಹತ್ತಿರ ಹೋದಷ್ಟೂ ಒಳ್ಳೆಯದೆಂದು ತೀರಾ ಸಣ್ಣ ಅಂಕಿ ಹಾಕಿದರೆ ಯಂತ್ರ ಕೈಕೊಡುತ್ತದೆ. (1 − ಕಾಸ್ ಎಕ್ಸ್)/ಎಕ್ಸ್² ಎಂಬುದರ ಮಿತಿ ಕೂಡ 1/2. ಆದರೆ ಕಂಪ್ಯೂಟರಿನಲ್ಲಿ ಎಕ್ಸ್‌ಗೆ 0.00000001 ಕೊಟ್ಟರೆ ಸಾಮಾನ್ಯವಾಗಿ ಬರುವ ಉತ್ತರ 0. ಅಷ್ಟು ಸಣ್ಣ ಕೋನದ ಕಾಸ್ 1ಕ್ಕಿಂತ ಎಷ್ಟು ಕಡಿಮೆ ಎಂದರೆ, ಯಂತ್ರ ಇಟ್ಟುಕೊಳ್ಳುವ ಸುಮಾರು 16 ಅಂಕಿಗಳಲ್ಲಿ ಆ ವ್ಯತ್ಯಾಸಕ್ಕೆ ಜಾಗವೇ ಇಲ್ಲ. ಅದು 1 ಎಂದೇ ದಾಖಲಾಗಿ, 1 − 1 ಸೊನ್ನೆಯಾಗುತ್ತದೆ. ತಾಳೆ ನೋಡಲು 0.1, 0.01ರಂಥ ಬೆಲೆಗಳೇ ಸಾಕು.

ಎಲ್ಲಿ ಎಡವುತ್ತಾರೆ

ಮೇಲಿನ ಲೆಕ್ಕದಲ್ಲಿ ಎರಡು ಸಲ ನಿಷ್ಪನ್ನ ತೆಗೆದೆವಲ್ಲ, ಅದೇ ಹುಮ್ಮಸ್ಸಿನಲ್ಲಿ ಈ ಲೆಕ್ಕಕ್ಕೆ ಕೈ ಹಾಕಿದರೆ ಬೀಳುವುದು ಖಂಡಿತ. ಎಕ್ಸ್ 1ರ ಕಡೆಗೆ ಹೋಗುವಾಗ:

(ಎಕ್ಸ್³ + ಎಕ್ಸ್ − 2) / (ಎಕ್ಸ್² − 3ಎಕ್ಸ್ + 2)

1 ಹಾಕಿದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಸರಿ. ಒಂದು ಸಲ ನಿಷ್ಪನ್ನ ತೆಗೆದರೆ (3ಎಕ್ಸ್² + 1)/(2ಎಕ್ಸ್ − 3). ಇಲ್ಲಿ 1 ಹಾಕಿದರೆ 4/(−1), ಉತ್ತರ −4. ಆದರೆ ಆದೇಶಿಸಿ ನೋಡದೆ ಇನ್ನೊಂದು ಸುತ್ತು ಹೋದವರಿಗೆ ಸಿಗುವುದು 6ಎಕ್ಸ್/2, ಅಂದರೆ 3. ಚಿಹ್ನೆಯೂ ತಪ್ಪು, ಅಂಕಿಯೂ ತಪ್ಪು. ಎರಡನೇ ಸುತ್ತಿಗೆ ಹೋಗುವಾಗ ರೂಪ 0/0 ಆಗಿರಲೇ ಇಲ್ಲ, ಹಾಗಾಗಿ ನಿಯಮವೂ ಅಲ್ಲಿ ಇರಲಿಲ್ಲ. ಗುಣಕಗಳಾಗಿ ವಿಂಗಡಿಸಿ ಪರೀಕ್ಷಿಸಿ: ಮೇಲಿನದು (ಎಕ್ಸ್ − 1)(ಎಕ್ಸ್² + ಎಕ್ಸ್ + 2), ಕೆಳಗಿನದು (ಎಕ್ಸ್ − 1)(ಎಕ್ಸ್ − 2). ಸಾಮಾನ್ಯ ಗುಣಕ ಹೊಡೆದುಹಾಕಿ 1 ಹಾಕಿದರೆ 4/(−1). ನಿಜ ಹೇಳಬೇಕೆಂದರೆ, ಇಂಥ ಲೆಕ್ಕಕ್ಕೆ ನಿಷ್ಪನ್ನದ ಹಂಗೇ ಬೇಕಿರಲಿಲ್ಲ.

ಇನ್ನೊಂದು ಬಗೆಯ ಎಡವಟ್ಟು ಸೂಕ್ಷ್ಮವಾದದ್ದು. ಎಕ್ಸ್ ಅನಂತಕ್ಕೆ ಹೋಗುವಾಗ (ಎಕ್ಸ್ + ಸೈನ್ ಎಕ್ಸ್)/ಎಕ್ಸ್ ತೆಗೆದುಕೊಳ್ಳಿ. ರೂಪ ಅನಂತ/ಅನಂತ. ನಿಷ್ಪನ್ನ ತೆಗೆದರೆ 1 + ಕಾಸ್ ಎಕ್ಸ್. ಇದು 0 ಮತ್ತು 2ರ ನಡುವೆ ತೂಗಾಡುತ್ತಲೇ ಇರುತ್ತದೆ, ಎಲ್ಲೂ ನೆಲೆಗೊಳ್ಳುವುದಿಲ್ಲ. ‘ಆದ್ದರಿಂದ ಮಿತಿ ಇಲ್ಲ’ ಎಂದು ಬರೆದರೆ ತಪ್ಪು. ಭಾಗಿಸಿ ನೋಡಿದರೆ ಅದು 1 + (ಸೈನ್ ಎಕ್ಸ್)/ಎಕ್ಸ್. ಎರಡನೆಯ ಪದ ಸೊನ್ನೆಯಾಗಿ ಮಿತಿ 1. ನಿಷ್ಪನ್ನಗಳ ಅನುಪಾತಕ್ಕೆ ಮಿತಿ ಇದ್ದರೆ ಮಾತ್ರ ನಿಯಮ ಮಾತಾಡುತ್ತದೆ. ಇಲ್ಲದಿದ್ದರೆ ಅದು ಬಾಯಿ ಮುಚ್ಚಿಕೊಂಡಿರುತ್ತದೆ, ಆ ಮೌನಕ್ಕೆ ನಾವು ಅರ್ಥ ಕಟ್ಟಬಾರದು.

ಕೆಲವೊಮ್ಮೆ ನಿಯಮ ಗಾಣದೆತ್ತಿನಂತೆ ಸುತ್ತುತ್ತದೆ. ವರ್ಗಮೂಲ(ಎಕ್ಸ್² + 1)/ಎಕ್ಸ್ ಎಂಬುದಕ್ಕೆ ಅನಂತದಲ್ಲಿ ಇದನ್ನು ಹಚ್ಚಿದರೆ ಎಕ್ಸ್/ವರ್ಗಮೂಲ(ಎಕ್ಸ್² + 1) ಬರುತ್ತದೆ, ಇನ್ನೊಮ್ಮೆ ಹಚ್ಚಿದರೆ ಮೊದಲಿನದೇ ವಾಪಸ್ಸು. ಒಳಗಿನಿಂದ ಎಕ್ಸ್ ಅನ್ನು ಹೊರತೆಗೆದರೆ ಒಂದೇ ಸಾಲಿನಲ್ಲಿ ಉತ್ತರ 1.

ಅನಂತದ ಕೆಳಗೆ ಅನಂತ

ಈ ರೂಪದಲ್ಲಿ ನಿಯಮದ ನಿಜವಾದ ಕಸುವು ಗೊತ್ತಾಗುತ್ತದೆ. ಎಕ್ಸ್ ಅನಂತಕ್ಕೆ ಹೋಗುವಾಗ (ಲಾಗ್ ಎಕ್ಸ್)/ಎಕ್ಸ್ ಎಷ್ಟು? ಇಲ್ಲಿ ಲಾಗ್ ಎಂದರೆ ಇ ಆಧಾರದ್ದು. ನಿಷ್ಪನ್ನಗಳ ಅನುಪಾತ (1/ಎಕ್ಸ್)/1, ಅದು ಸೊನ್ನೆಗೆ ಹೋಗುತ್ತದೆ. ಎಕ್ಸ್ ಹತ್ತು ಲಕ್ಷ ತಲುಪಿದಾಗ ಅದರ ಲಾಗ್ ಇನ್ನೂ ಸುಮಾರು 13.8ರಲ್ಲಿದೆ, ನಂಬಲು ಕಷ್ಟವೇನಿಲ್ಲ.

ಎಕ್ಸ್^100 / ಇ^ಎಕ್ಸ್ ಮಾತ್ರ ನಂಬಿಕೆಯನ್ನು ಪರೀಕ್ಷಿಸುತ್ತದೆ. ಎಕ್ಸ್ 100 ಆದಾಗ ಮೇಲಿರುವುದು 1ರ ಮುಂದೆ 200 ಸೊನ್ನೆಗಳು. ಕೆಳಗಿನದು ಬರೀ 44 ಅಂಕಿಗಳ ಸಂಖ್ಯೆ. ಮೇಲಿನದೇ ಗೆಲ್ಲುತ್ತದೆ ಎಂದು ಯಾರಾದರೂ ಪಣ ಕಟ್ಟಿಯಾರು. ನಿಯಮವನ್ನು ಹಚ್ಚುತ್ತಾ ಹೋಗಿ: ಪ್ರತಿ ಸಲವೂ ಮೇಲಿನ ಘಾತ ಒಂದೊಂದೇ ಇಳಿಯುತ್ತದೆ, ಕೆಳಗಿನ ಇ^ಎಕ್ಸ್ ಮಿಸುಕಾಡುವುದಿಲ್ಲ. ನೂರು ಸುತ್ತಾದ ಮೇಲೆ ಮೇಲೆ ಉಳಿಯುವುದು 1ರಿಂದ 100ರವರೆಗಿನ ಸಂಖ್ಯೆಗಳ ಗುಣಲಬ್ಧ. ಅದರಲ್ಲಿ 158 ಅಂಕಿಗಳಿವೆ, ದೈತ್ಯವೇ ಸರಿ, ಆದರೆ ನಿಂತಲ್ಲೇ ನಿಂತ ದೈತ್ಯ. ಕೆಳಗಿನದು ಬೆಳೆಯುತ್ತಲೇ ಇದೆ. ಮಿತಿ 0. ಎಕ್ಸ್ 1000 ಆಗುವ ಹೊತ್ತಿಗೇ ಆಟ ತಿರುಗಿರುತ್ತದೆ: ಮೇಲೆ 301 ಅಂಕಿಗಳು, ಕೆಳಗೆ 435.

ಭಾಗಾಕಾರವಲ್ಲದವನ್ನು ಭಾಗಾಕಾರ ಮಾಡುವುದು

ನಿಯಮ ನಡೆಯುವುದು ಭಾಗಲಬ್ಧಕ್ಕೆ ಮಾತ್ರ. 0 × ಅನಂತ ಎಂಬ ರೂಪ ಬಂದರೆ ಎರಡರಲ್ಲಿ ಒಂದನ್ನು ತಲೆಕೆಳಗು ಮಾಡಿ ಛೇದಕ್ಕೆ ಇಳಿಸಬೇಕು. ಯಾವುದನ್ನು ಎಂಬುದರಲ್ಲೇ ಜಾಣತನ. ಎಕ್ಸ್ ಧನ ಬದಿಯಿಂದ ಸೊನ್ನೆಗೆ ಹೋಗುವಾಗ ಎಕ್ಸ್ × ಲಾಗ್ ಎಕ್ಸ್ ಬೇಕೆನ್ನಿ. (ಲಾಗ್ ಎಕ್ಸ್)/(1/ಎಕ್ಸ್) ಎಂದು ಬರೆದರೆ ನಿಷ್ಪನ್ನಗಳು 1/ಎಕ್ಸ್ ಮತ್ತು −1/ಎಕ್ಸ್². ಅನುಪಾತ −ಎಕ್ಸ್, ಮಿತಿ 0. ಅದರ ಬದಲು ಲಾಗ್ ಅನ್ನು ಕೆಳಗಿಳಿಸಿ ಎಕ್ಸ್/(1/ಲಾಗ್ ಎಕ್ಸ್) ಎಂದು ಬರೆದವರಿಗೆ ಸಿಗುವುದು −ಎಕ್ಸ್ × (ಲಾಗ್ ಎಕ್ಸ್)². ಶುರುವಿನಲ್ಲಿದ್ದದ್ದಕ್ಕಿಂತ ಕಗ್ಗಂಟು. ಹೀಗಾದರೆ ಮುಂದೆ ನುಗ್ಗದೆ ಹಿಂದಕ್ಕೆ ಬಂದು ಇನ್ನೊಂದನ್ನು ತಿರುಗಿಸಿ. ಲಾಗ್ ಇದ್ದರೆ ಅದನ್ನು ಮೇಲೆಯೇ ಬಿಡುವುದು ಲೇಸು.

ಘಾತದಲ್ಲಿ ಸಿಕ್ಕಿಕೊಂಡ ರೂಪಗಳಿಗೆ, ಉದಾಹರಣೆಗೆ 1ರ ಅನಂತ ಘಾತಕ್ಕೆ, ಮೊದಲು ಲಾಗ್ ತೆಗೆದು ಘಾತವನ್ನು ಕೆಳಗಿಳಿಸಬೇಕು. (1 + 1/ಎಕ್ಸ್)^ಎಕ್ಸ್ ಎಂಬುದರ ಲಾಗ್, 1/ಎಕ್ಸ್ ಅನ್ನು ಟಿ ಎಂದು ಕರೆದರೆ, ಲಾಗ್(1 + ಟಿ)/ಟಿ ಆಗುತ್ತದೆ. ಟಿ ಸೊನ್ನೆಗೆ ಹೋಗುವಾಗ ನಿಷ್ಪನ್ನಗಳ ಅನುಪಾತ 1/(1 + ಟಿ), ಅಂದರೆ 1. ಲಾಗ್‌ನ ಮಿತಿ 1 ಆದ್ದರಿಂದ ಮೂಲದ ಮಿತಿ ಇ, ಸುಮಾರು 2.718. ಈ ಕೊನೆಯ ವಾಕ್ಯವನ್ನು ಮರೆತು 1 ಎಂದೇ ಉತ್ತರ ಬರೆದು ಎದ್ದು ಬರುವವರು ಬಹಳ.

(ಸೈನ್ ಎಕ್ಸ್)/ಎಕ್ಸ್ ಬಗ್ಗೆ ಒಂದು ಎಚ್ಚರಿಕೆ. ನಿಯಮ ಹಚ್ಚಿದರೆ ಕಾಸ್ 0, ಅಂದರೆ 1, ಉತ್ತರ ಸರಿಯೇ. ಆದರೆ ಸೈನ್‌ನ ನಿಷ್ಪನ್ನ ಕಾಸ್ ಎಂದು ಸಾಧಿಸಲು ಪಠ್ಯಗಳು ಬಳಸುವುದೇ ಈ ಮಿತಿಯನ್ನು. ‘ಸಾಧಿಸಿ’ ಎಂದು ಕೇಳಿದ್ದರೆ ಈ ದಾರಿ ಸಲ್ಲದು. ‘ಕಂಡುಹಿಡಿಯಿರಿ’ ಎಂದಿದ್ದರೆ ಅಡ್ಡಿಯಿಲ್ಲ.

ಹೆಸರು ಒಬ್ಬರದು, ಶೋಧ ಇನ್ನೊಬ್ಬರದು

ನಿಯಮ ಮೊದಲು ಅಚ್ಚಾದದ್ದು 1696ರಲ್ಲಿ, ಫ್ರಾನ್ಸಿನ ಶ್ರೀಮಂತ ಗಣಿತಾಸಕ್ತ ಗಿಯೋಮ್ ದ ಲೋಪಿತಾಲ್ ಬರೆದ ಕಲನಶಾಸ್ತ್ರದ ಪಠ್ಯದಲ್ಲಿ. ಆ ವಿಷಯಕ್ಕೆ ಬಂದ ಮೊದಲ ಪಠ್ಯಪುಸ್ತಕವೂ ಅದೇ. ಆದರೆ ನಿಯಮವನ್ನು ಕಂಡುಹಿಡಿದವರು ಅವರಿಗೆ ಪಾಠ ಹೇಳಿದ ಸ್ವಿಸ್ ಗಣಿತಜ್ಞ ಯೋಹಾನ್ ಬರ್ನೂಲಿ. 1694ರಲ್ಲಿ ಇಬ್ಬರ ನಡುವೆ ಒಂದು ಒಪ್ಪಂದವಾಗಿತ್ತು: ವರ್ಷಕ್ಕೆ 300 ಲಿವ್ರ್ (ಆಗಿನ ಫ್ರೆಂಚ್ ಹಣ) ಭತ್ಯೆ, ಪ್ರತಿಯಾಗಿ ಹೊಸ ಶೋಧಗಳನ್ನು ಬರ್ನೂಲಿ ಮೊದಲು ಅವರಿಗೇ ತಿಳಿಸಬೇಕು, ಬೇರೆಯವರಿಗೆ ಹೇಳಬಾರದು. ಪುಸ್ತಕದ ಮುನ್ನುಡಿಯಲ್ಲಿ ಲೋಪಿತಾಲ್ ಬರ್ನೂಲಿಯ ಋಣ ಒಪ್ಪಿಕೊಂಡಿದ್ದರೂ ಅದು ಸಾಮಾನ್ಯ ಮಾತಿನಲ್ಲಿತ್ತು. 1704ರಲ್ಲಿ ಲೋಪಿತಾಲ್ ತೀರಿಕೊಂಡ ಮೇಲೆ ಬರ್ನೂಲಿ ನಿಯಮ ತನ್ನದೆಂದರು, ಅನೇಕರು ನಂಬಲಿಲ್ಲ. ಇಬ್ಬರ ಪತ್ರಗಳು 1955ರಲ್ಲಿ ಪ್ರಕಟವಾದ ಮೇಲೆ ಸಂಶಯಕ್ಕೆ ಎಡೆ ಉಳಿಯಲಿಲ್ಲ.

ಆ ಪುಸ್ತಕದಲ್ಲಿ ನಿಯಮಕ್ಕೆ ಕೊಟ್ಟ ಉದಾಹರಣೆ ಇಂದಿಗೂ ಒಳ್ಳೆಯ ಅಭ್ಯಾಸ. ಅಲ್ಲಿರುವ ಸ್ಥಿರಾಂಕವನ್ನು 1 ಎಂದಿಟ್ಟುಕೊಂಡರೆ ಅದು ಹೀಗಾಗುತ್ತದೆ. ಎಕ್ಸ್ 1ರ ಕಡೆಗೆ ಹೋಗುವಾಗ:

[ವರ್ಗಮೂಲ(2ಎಕ್ಸ್ − ಎಕ್ಸ್⁴) − ಘನಮೂಲ(ಎಕ್ಸ್)] / [1 − ಎಕ್ಸ್^(3/4)]

1 ಹಾಕಿದರೆ ಮೇಲೂ ಕೆಳಗೂ ಸೊನ್ನೆ. ಗುಣಕಗಳಾಗಿ ವಿಂಗಡಿಸಲು ಹೊರಟರೆ ದಿನವೇ ಹೋದೀತು. ನಿಷ್ಪನ್ನ ತೆಗೆಯಿರಿ: 1ರಲ್ಲಿ ವರ್ಗಮೂಲದ್ದು (2 − 4)/2, ಅಂದರೆ −1, ಘನಮೂಲದ್ದು 1/3, ಒಟ್ಟು ಮೇಲೆ −4/3. ಕೆಳಗೆ −3/4. ಛೇದ ಸೊನ್ನೆಯಲ್ಲ, ಇಲ್ಲಿಗೇ ನಿಲ್ಲಿಸಬಹುದು. ಭಾಗಿಸಿದರೆ 16/9.