ಪಟ್ಟಿ ಬಿಟ್ಟು ವಂತಿಗೆ ಹಿಡಿದ ಕಥೆ

ಬೆಳಗಾವಿಯ ಒಂದು ಸಣ್ಣ ಫುಟ್‌ಬಾಲ್ ಸಂಘದ ಖಜಾಂಚಿಯಾಗಿ ನಾನು ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಆಟಗಾರನಾಗಿದ್ದಾಗ ನನ್ನ ಹೆಸರು ಓಣಿ ದಾಟಿ ಹೋದದ್ದಿಲ್ಲ. ಲೆಕ್ಕ ಬರೆಯುವ ಅಭ್ಯಾಸವಿದ್ದುದರಿಂದಲೇ ವಹಿ ನನ್ನ ಕೈಗೆ ಬಂತು.

ಮೊದಲ ಕೆಲವು ವರ್ಷ ಸಂಘಕ್ಕೆ ಒಬ್ಬ ಧಣಿಗಳಿದ್ದರು. ಜರ್ಸಿ, ಟೂರ್ನಿಯ ಪ್ರವೇಶ ಶುಲ್ಕ, ಟೆಂಪೋ ಬಾಡಿಗೆ ಎಲ್ಲವೂ ಅವರದೇ. ಒಂದೇ ವರ್ಷ ಎರಡು ಟೂರ್ನಿಗಳಲ್ಲಿ ಮೊದಲ ಸುತ್ತಿನಲ್ಲೇ ಸೋತೆವು. ಮರುವರ್ಷ ಅವರು ಟೆನಿಸ್ ಬಾಲ್ ಕ್ರಿಕೆಟ್ಟಿನ ಕಡೆಗೆ ಹೋದರು. ಅವರನ್ನು ದೂರುವಂತಿಲ್ಲ, ಏಕೆಂದರೆ ನಮಗಿಂತ ಎಷ್ಟೋ ದೊಡ್ಡ ಸಂಘಗಳ ಗತಿಯೂ ಹೀಗೇ ಮಾಲೀಕರ ತೀರ್ಮಾನಕ್ಕೆ ಕಟ್ಟುಬಿದ್ದಿರುತ್ತದೆ. ಘಟ್ಟದ ಕೆಳಗಿನ ಗೋವೆಯಲ್ಲಿ, ಐದು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಡೆಂಪೊ ಸಹಿತ ಸಾಲಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಸಂಘಗಳು ದೇಶದ ಲೀಗ್ ವ್ಯವಸ್ಥೆ ಬದಲಾಗಲಿರುವುದನ್ನು ವಿರೋಧಿಸಿ 2016ರಲ್ಲಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನಿಂದಲೇ ಹೊರಬಂದವು. ಆ ಸಂಘಗಳ ಪಂದ್ಯಗಳನ್ನು ನೋಡಲು ಇಲ್ಲಿಂದ ಚೋರ್ಲಾ ಘಾಟ್ ಇಳಿದು ಹೋಗುತ್ತಿದ್ದ ನಮ್ಮಂಥವರನ್ನು ಆಗ ಯಾರೂ ಕೇಳಲಿಲ್ಲ. ಕೇಳುವ ಕಾರಣವೂ ಇರಲಿಲ್ಲ.

ಧಣಿಗಳು ಹೋದ ಮೇಲೆ ಒಂದು ವರ್ಷ ಪಟ್ಟಿ ಎತ್ತಿದೆವು, ಅಂದರೆ ಜನರಿಂದ ಚಂದಾ ಕೂಡಿಸಿದೆವು. ಗಣಪತಿ ಹಬ್ಬಕ್ಕೆ ಕೊಟ್ಟಂತೆ ಜನ ಇದಕ್ಕೂ ಕೊಟ್ಟರು. ಆದರೆ ಪಟ್ಟಿಯ ಹಣಕ್ಕೊಂದು ದೋಷವಿದೆ: ಕೊಟ್ಟವನು ಮುಂದೆ ಏನನ್ನೂ ಕೇಳುವುದಿಲ್ಲ, ಕೇಳದವನು ಮೈದಾನಕ್ಕೂ ಬರುವುದಿಲ್ಲ. ಆದ್ದರಿಂದ ತಿಂಗಳಿಗೆ 50 ರೂಪಾಯಿ ವಂತಿಗೆ, ಪ್ರತಿಯೊಬ್ಬರಿಗೂ ರಸೀದಿ, ವರ್ಷಕ್ಕೊಂದು ಸಭೆಯಲ್ಲಿ ಒಂದು ಮತ ಎಂದು ಗೊತ್ತುಮಾಡಿದೆವು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸದಸ್ಯರಿದ್ದರೆ ಸಂಘ ನೋಂದಾಯಿಸಬಹುದು. ನಮಗೆ ಆ ಏಳನೆಯವರು ಸಿಕ್ಕಿದ್ದು ಚಹಾದಂಗಡಿಯಲ್ಲಿ. ಸಾಧ್ಯವೇ ಎಂದು ಅನುಮಾನಿಸಿದವರಿಗೆ ನಾನು ಹೇಳುತ್ತಿದ್ದದ್ದು ಇಂಗ್ಲೆಂಡಿನ ವಿಂಬಲ್ಡನ್ ಅಭಿಮಾನಿಗಳ ಸಂಗತಿ. ತಮ್ಮ ಸಂಘವನ್ನು ಮಿಲ್ಟನ್ ಕೀನ್ಸ್ ಎಂಬ ಬೇರೆ ಊರಿಗೆ ಒಯ್ಯಲು ಒಪ್ಪಿಗೆ ಸಿಕ್ಕಾಗ ಅವರು 2002ರಲ್ಲಿ ಹೊಸ ಸಂಘ ಕಟ್ಟಿ, ಬಯಲಿನಲ್ಲಿ ಆಟಗಾರರ ಆಯ್ಕೆ ನಡೆಸಿ, ಕೆಳಗಿನ ಹಂತದಿಂದ ಆಡುತ್ತಾ 2011ರಲ್ಲಿ ಅಲ್ಲಿನ ವೃತ್ತಿಪರ ಸಂಘಗಳ ಫುಟ್‌ಬಾಲ್ ಲೀಗ್ ತಲುಪಿದ್ದರು.

ಜಮಾ-ಖರ್ಚಿನ ಹಾಳೆಯನ್ನು ಪ್ರತಿ ತಿಂಗಳು ಚಹಾದಂಗಡಿಯ ಗೋಡೆಗೆ ಅಂಟಿಸತೊಡಗಿದೆ. ಎರಡನೆಯ ತಿಂಗಳೇ, ವರ್ಷಗಟ್ಟಲೆ ಕಂಪೌಂಡಿನ ಮೇಲೆ ಕುಳಿತು ಪಂದ್ಯ ನೋಡುತ್ತಿದ್ದ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, "ನಾಕ ಚೆಂಡ ತಗೊಂಡೇವಂತ ಬರದೀರಿ, ಮೈದಾನದಾಗ ಮೂರ ಕಾಣತಾವಲ್ರಿ?" ಎಂದು ಕೇಳಿದರು. ನಾಲ್ಕನೆಯ ಚೆಂಡು ಗೋಲ್‌ಕೀಪರನ ಮನೆಯ ಮಂಚದ ಕೆಳಗಿತ್ತು. ನನಗೆ ನಾಚಿಕೆಯಾಯಿತು, ಒಳಗೊಳಗೆ ಸಂತೋಷವೂ ಆಯಿತು. ಅಷ್ಟು ವರ್ಷ ಅವರು ಗೋಲು ಮಾತ್ರ ಎಣಿಸುತ್ತಿದ್ದರು.

ವಸೂಲಿಗೆ ಹೊತ್ತುಗೊತ್ತು ಇರಬೇಕೆಂಬುದನ್ನು ನಿಧಾನವಾಗಿ ಕಲಿತೆ. ನಮ್ಮ ಸದಸ್ಯರಲ್ಲಿ ಬಹಳ ಜನ ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯುವವರು. ಪಗಾರವಾದ ವಾರದಲ್ಲಿ ಹೋದರೆ ಕೊಡುತ್ತಾರೆ, ಇಪ್ಪತ್ತನೆಯ ತಾರೀಖಿಗೆ ಹೋದರೆ ಚಹಾ ಕುಡಿಸಿ ಕಳಿಸುತ್ತಾರೆ. ಜೂನ್‌ನಿಂದ ಮಳೆ ಹಿಡಿದರೆ ಕೆಂಪು ಮಣ್ಣಿನ ಮೈದಾನ ಕೆಸರಾಗಿ ಆಟ ನಿಲ್ಲುತ್ತದೆ, ಆಟ ನಿಂತರೆ ವಂತಿಗೆಯೂ ನಿಲ್ಲುತ್ತದೆ. ಅದಕ್ಕಾಗಿ ಮೂರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿ ಮುಟ್ಟದೆ ಇಡುವ ನಿಯಮ ಮಾಡಿದೆವು.

ಆ ನಿಯಮವನ್ನು ಒಮ್ಮೆ ನಾನೇ ಮುರಿದೆ. ಟೂರ್ನಿಯೊಂದನ್ನು ಗೆಲ್ಲುವ ಆಸೆಯಿಂದ, ಕೂಡಿಟ್ಟ ಹಣದಲ್ಲಿ ಹೊರಗಿನ ಇಬ್ಬರು ಆಟಗಾರರನ್ನು ಕರೆಸಲು ಒಪ್ಪಿದೆ. ಕ್ವಾರ್ಟರ್ ಫೈನಲ್‌ನಲ್ಲಿ ಸೋತೆವು. ಸೋಲನ್ನು ಸದಸ್ಯರು ಕ್ಷಮಿಸಿದರು. ಓಣಿಯ ಹುಡುಗರಿಬ್ಬರು ಬೆಂಚಿನ ಮೇಲೆ ಕುಳಿತದ್ದನ್ನು ಮಾತ್ರ ಕ್ಷಮಿಸಲಿಲ್ಲ. ಮುಂದಿನ ಎರಡು ತಿಂಗಳು ರಸೀದಿ ಪುಸ್ತಕದ ಹಾಳೆಗಳು ಹಾಗೇ ಉಳಿದವು.

ಅಂದಿನಿಂದ ಹಣದ ದೊಡ್ಡ ಪಾಲು ಹದಿಮೂರು ವರ್ಷದೊಳಗಿನವರಿಗೆ ಹೋಗುತ್ತಿದೆ. ಇಪ್ಪತ್ತು ದಾಟಿದ ಒಳ್ಳೆಯ ಆಟಗಾರ ಸೇನೆಗೋ, ಗೋವೆಗೋ, ಬೆಂಗಳೂರಿಗೋ ಹೋಗುವವನೇ. ಅವನನ್ನು ಹಿಡಿದಿಡುವ ಶಕ್ತಿ ನಮಗಿಲ್ಲ, ಹಿಡಿದಿಡಲೂ ಬಾರದು. ಆದರೆ ಅವನ ಜಾಗಕ್ಕೆ ಬರುವವನು ಸಿದ್ಧನಿರಬೇಕು. ಮೊದಲು ಈ ಮಕ್ಕಳಿಗೆ ದೊಡ್ಡವರು ಆಡಿ ಬಿಟ್ಟ ಐದನೇ ಸೈಜಿನ ಹಳೆಯ ಚೆಂಡುಗಳನ್ನೇ ಕೊಡುತ್ತಿದ್ದೆವು. 410ರಿಂದ 450 ಗ್ರಾಂ ತೂಗಬೇಕಾದ ಆ ಚೆಂಡು ಕೆಸರು ನೀರು ಕುಡಿದು ಇನ್ನೂ ಭಾರವಾಗುತ್ತಿತ್ತು, ಒದ್ದ ಹುಡುಗ ಕಾಲು ಹಿಡಿದು ಕೂರುತ್ತಿದ್ದ. ನಾಲ್ಕನೇ ಸೈಜಿನ ಹನ್ನೆರಡು ಸಣ್ಣ ಚೆಂಡು ತಂದ ಮೇಲೆ ಮಕ್ಕಳ ಪಾಸ್ ನೇರವಾಯಿತು. ಸಂಜೆ ಮಕ್ಕಳನ್ನು ಬಿಡಲು ಬಂದ ತಾಯಂದಿರಲ್ಲಿ ಕೆಲವರು ಆಟ ಮುಗಿಯುವವರೆಗೆ ನಿಲ್ಲತೊಡಗಿದರು; ಈಗ ಸದಸ್ಯರ ಪಟ್ಟಿಯಲ್ಲಿ ಅವರದೂ ಹದಿನಾಲ್ಕು ಹೆಸರಿವೆ.

ಮುಂದಿನ ಸಭೆಯಲ್ಲಿ ವಂತಿಗೆಯನ್ನು 75 ರೂಪಾಯಿಗೆ ಏರಿಸುವ ವಿಷಯ ಬರಲಿದೆ. ಫೌಂಡ್ರಿಯವರು ಒಪ್ಪುತ್ತಿಲ್ಲ, ಅವರ ಮಾತಿನಲ್ಲಿ ನ್ಯಾಯವಿದೆ. ಕೊಡಬಲ್ಲವರು 75 ಕೊಡಲಿ, ಉಳಿದವರಿಗೆ 50 ಇರಲಿ, ಮತ ಮಾತ್ರ ಎಲ್ಲರಿಗೂ ಒಂದೇ ಎಂದು ಬರೆದು ಹಾಳೆಯನ್ನು ಗೋಡೆಗೆ ಅಂಟಿಸಿದ್ದೇನೆ. ಅದರ ಕೆಳಗೆ ಯಾರೋ ಪೆನ್ಸಿಲ್ಲಿನಲ್ಲಿ, ಗೋಲಿನ ಬಲೆ ಹರಿದಿದೆ, ಅದನ್ನು ಮೊದಲು ಹೊಲಿಸಿರಿ ಎಂದು ಬರೆದಿದ್ದಾರೆ.