ಪವರ್ ಸರ್ವರ್: ಬಿಡುವಾದ ಕೋರ್ ತಾನಾಗಿಯೇ ಬೇಕಾದ ಕಡೆ ಹೋಗುವಂತೆ ಮಾಡುವುದು ಹೇಗೆ?

ಒಂದೇ ಐಬಿಎಂ ಪವರ್ ಸರ್ವರ್‌ನಲ್ಲಿ ಡೇಟಾಬೇಸ್, ಅಪ್ಲಿಕೇಷನ್, ವರದಿ, ಪರೀಕ್ಷೆ ಎಂದು ನಾಲ್ಕಾರು ಪಾರ್ಟಿಷನ್‌ಗಳಿರುತ್ತವೆ, ಅಂದರೆ ಸರ್ವರ್‌ನೊಳಗಿನ ಪ್ರತ್ಯೇಕ ಸರ್ವರ್‌ಗಳು. ಒಂದಕ್ಕೆ ಉಸಿರಾಡಲು ಪುರುಸೊತ್ತಿಲ್ಲದ ಹೊತ್ತಿನಲ್ಲೇ ಇನ್ನೊಂದು ಸುಮ್ಮನೆ ಕೂತಿರುತ್ತದೆ. 2004ರಲ್ಲಿ ಪವರ್5 ಪ್ರೊಸೆಸರ್ ಜೊತೆ ಮೈಕ್ರೊ ಪಾರ್ಟಿಷನಿಂಗ್ (ಒಂದು ಕೋರನ್ನೂ ತುಂಡು ಮಾಡಿ ಹಂಚುವ ವಿಧಾನ) ಬಂದ ಮೇಲೆ, ಕೋರ್‌ಗಳನ್ನು ಪಾರ್ಟಿಷನ್‌ಗಳಿಗೆ ಹಂಚುವುದನ್ನು ಅವುಗಳ ಕೆಳಗೆ ಓಡುವ ಹೈಪರ್‌ವೈಸರ್ ತಂತ್ರಾಂಶ ನೋಡಿಕೊಳ್ಳುತ್ತದೆ, ಅದೂ 10 ಮಿಲಿಸೆಕೆಂಡಿನ ಲೆಕ್ಕದಲ್ಲಿ. ನಿರ್ವಾಹಕರು ಕೊಡಬೇಕಾದದ್ದು ಮೂರೇ ಸಂಖ್ಯೆ: ಎಂಟೈಟಲ್‌ಮೆಂಟ್, ವರ್ಚುವಲ್ ಪ್ರೊಸೆಸರ್, ವೆಯ್ಟ್ (ಹೆಚ್ಚುವರಿ ಕೋರ್‌ಗೆ ಪೈಪೋಟಿ ಬಿದ್ದಾಗಿನ ಆದ್ಯತೆ). ಹೆಚ್ಚಿನವರು ಎಡವುವುದು ನಡುವಿನದರಲ್ಲಿ.

ಎಂಟೈಟಲ್‌ಮೆಂಟ್ ಎಂದರೆ ಖಾತರಿ ಪಾಲು. 0.5 ಎಂದು ಕೊಟ್ಟರೆ ಪ್ರತಿ 10 ಮಿಲಿಸೆಕೆಂಡಿನಲ್ಲಿ 5 ಮಿಲಿಸೆಕೆಂಡ್ ಆ ಪಾರ್ಟಿಷನ್‌ನದು, ಕೇಳಿದರೆ ಸಿಗಲೇಬೇಕು. ಎಲ್ಲ ಪಾರ್ಟಿಷನ್‌ಗಳ ಖಾತರಿ ಸೇರಿಸಿದರೆ ಪೂಲ್‌ನಲ್ಲಿರುವ (ಎಲ್ಲರೂ ಹಂಚಿಕೊಳ್ಳುವ ಗುಂಪಿನ) ಕೋರ್‌ಗಳನ್ನು ಮೀರುವಂತಿಲ್ಲ. ವರ್ಚುವಲ್ ಪ್ರೊಸೆಸರ್‌ಗಳ ಮೊತ್ತ ಮಾತ್ರ ಮೀರಬಹುದು. ಒಂದು ವರ್ಚುವಲ್ ಪ್ರೊಸೆಸರ್ ಹೆಚ್ಚೆಂದರೆ ಒಂದು ಕೋರ್‌ನಷ್ಟು ಓಡುತ್ತದೆ. ಹಾಗಾಗಿ ಎರಡೇ ವರ್ಚುವಲ್ ಪ್ರೊಸೆಸರ್ ಇರುವ ಪಾರ್ಟಿಷನ್, ಪೂಲ್‌ನಲ್ಲಿ ಹತ್ತು ಕೋರ್ ಖಾಲಿ ಬಿದ್ದಿದ್ದರೂ ಎರಡನ್ನು ದಾಟದು. ಕೆರೆ ತುಂಬಿದ್ದರೂ ತೂಬಿನ ಅಗಲದಷ್ಟೇ ನೀರು.

ಮೊದಲು ಅಳತೆ. ಐಬಿಎಂನ ಎಐಎಕ್ಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಎನ್‌ಮಾನ್ (ಬಳಕೆ ಅಳೆಯುವ ಉಪಕರಣ) ದಾಖಲೆಯನ್ನು ಕನಿಷ್ಠ ಒಂದು ತಿಂಗಳು, ಅದರಲ್ಲೂ ತಿಂಗಳ ಕೊನೆ ಸೇರುವಂತೆ ತೆಗೆದಿಡಿ. ನೋಡಬೇಕಾದದ್ದು ‘ಫಿಸಿಕಲ್‌ಸಿಪಿಯು’ ಅಂಕಣ: ನಿಜಕ್ಕೂ ಬಳಕೆಯಾದ ಕೋರ್. ಕೆಲಸ ಜೋರಾಗಿರುವ ಹೊತ್ತಿನ ಸಾಮಾನ್ಯ ಬಳಕೆಯನ್ನು ಎಂಟೈಟಲ್‌ಮೆಂಟ್ ಮಾಡಿ. ಶಿಖರದ ಬಳಕೆಯನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸಿ, ಬೆಳವಣಿಗೆಗೆ ಒಂದು ಸೇರಿಸಿದರೆ ವರ್ಚುವಲ್ ಪ್ರೊಸೆಸರ್ ಸಂಖ್ಯೆ ಸಿಗುತ್ತದೆ. ಶಿಖರವನ್ನೇ ಎಂಟೈಟಲ್‌ಮೆಂಟ್ ಮಾಡಿಬಿಟ್ಟರೆ ಖಾತರಿಯ ಲೆಕ್ಕದಲ್ಲೇ ಪೂಲ್ ಮುಗಿದು, ಹೊಸ ಪಾರ್ಟಿಷನ್‌ಗೆ ಜಾಗವಿರುವುದಿಲ್ಲ.

ಇನ್ನು ಎಚ್‌ಎಂಸಿಯಲ್ಲಿ (ಸರ್ವರ್ ನಿರ್ವಹಣೆಯ ಕನ್ಸೋಲ್) ಸಂಖ್ಯೆ ತುಂಬುವುದು. ಪಾರ್ಟಿಷನ್ ಪ್ರೊಫೈಲ್‌ನ ಪ್ರೊಸೆಸರ್ ಪುಟದಲ್ಲಿ ‘ಶೇರ್ಡ್’ ಆಯ್ದು, ಖಾತರಿಗೂ ವರ್ಚುವಲ್ ಪ್ರೊಸೆಸರ್‌ಗೂ ಕನಿಷ್ಠ, ಬಯಸಿದ, ಗರಿಷ್ಠ ಎಂಬ ಮೂರು ಮೌಲ್ಯ ಕೊಡಬೇಕು. ಪಾರ್ಟಿಷನ್ ಓಡುತ್ತಿರುವಾಗ ಕನಿಷ್ಠ–ಗರಿಷ್ಠದ ನಡುವೆ ಮಾತ್ರ ಬದಲಾಯಿಸಬಹುದು. ಗರಿಷ್ಠವನ್ನೇ ಏರಿಸಬೇಕಾಗಿ ಬಂದರೆ ಪಾರ್ಟಿಷನ್ ನಿಲ್ಲಿಸಿ ಪ್ರೊಫೈಲ್‌ನಿಂದ ಮತ್ತೆ ಎಬ್ಬಿಸಬೇಕಾಗುತ್ತದೆ; ಆದ್ದರಿಂದ ಗರಿಷ್ಠದಲ್ಲಿ ಜುಗ್ಗತನ ಬೇಡ. ಬಳಿಕ ‘ಅನ್‌ಕ್ಯಾಪ್ಡ್’ (ಖಾತರಿ ಮೀರಿಯೂ ಬಳಸಬಹುದು; ‘ಕ್ಯಾಪ್ಡ್’ ಆದರೆ ಮೀರುವಂತಿಲ್ಲ) ಗುರುತು ಹಾಕಿ, 0ರಿಂದ 255ರೊಳಗೆ ವೆಯ್ಟ್ ಕೊಡಿ. ಏನೂ ಕೊಡದಿದ್ದರೆ 128. ಸೊನ್ನೆ ಕೊಟ್ಟರೆ ಹೆಸರಿಗಷ್ಟೇ ಅನ್‌ಕ್ಯಾಪ್ಡ್, ಹೆಚ್ಚುವರಿ ಏನೂ ಬಾರದು.

16 ಕೋರ್‌ನ ಒಂದು ಸರ್ವರ್ ಲೆಕ್ಕ ನೋಡೋಣ. ಎರಡು ವಿಐಒಎಸ್‌ಗೆ (ವರ್ಚುವಲ್ ಐ/ಒ ಸರ್ವರ್) ತಲಾ 1.0 ಖಾತರಿ, ವೆಯ್ಟ್ 255. ಎಲ್ಲರ ಡಿಸ್ಕ್ ಮತ್ತು ನೆಟ್‌ವರ್ಕ್ ಇವುಗಳ ಮೂಲಕವೇ ಹೋಗುವುದರಿಂದ ಇವು ಹಸಿದರೆ ಉಳಿದವರೂ ಉಪವಾಸ. ಡೇಟಾಬೇಸ್‌ಗೆ 5.0, ವರ್ಚುವಲ್ ಪ್ರೊಸೆಸರ್ 8, ವೆಯ್ಟ್ 192. ಅಪ್ಲಿಕೇಷನ್‌ಗೆ 4.0, 6, 128. ವರದಿಗೆ 2.0, 4, 64. ಪರೀಕ್ಷೆಗೆ 1.0, 2, 16. ಖಾತರಿಯ ಮೊತ್ತ 14. ಯಾರಿಗೂ ಹಂಚದ 2 ಕೋರ್ ಪೂಲ್‌ನಲ್ಲೇ ಉಳಿದು, ಕೇಳಿದವರಿಗೆ ಸಿಗುತ್ತದೆ.

ಉಳಿದವರು ತಮ್ಮ ಪಾಲಿನಷ್ಟೇ ಬಳಸುತ್ತಿದ್ದು, ಡೇಟಾಬೇಸ್ ಮತ್ತು ವರದಿ ಎರಡೂ ಇನ್ನಷ್ಟು ಕೇಳಿದವೆನ್ನಿ. 192ಕ್ಕೆ 64, ಅಂದರೆ 3:1. ಡೇಟಾಬೇಸ್‌ಗೆ 1.5, ವರದಿಗೆ 0.5 ಸೇರಿ ಒಟ್ಟು 6.5 ಮತ್ತು 2.5 ಆಗುತ್ತದೆ. ರಾತ್ರಿ ಅಪ್ಲಿಕೇಷನ್ ಬಳಕೆ 1 ಕೋರ್‌ಗೆ ಇಳಿದರೆ ಬಿಡುವಿರುವುದು 5. ವೆಯ್ಟ್ ಪ್ರಕಾರ ಡೇಟಾಬೇಸ್‌ಗೆ 3.75 ಬರಬೇಕು, ಆದರೆ ವರ್ಚುವಲ್ ಪ್ರೊಸೆಸರ್ 8ರ ಗಡಿ ಅದನ್ನು 3ಕ್ಕೆ ತಡೆಯುತ್ತದೆ. ಮಿಕ್ಕ 2 ವರದಿಗೆ. ಪೈಪೋಟಿ ಇಲ್ಲದಾಗ ವೆಯ್ಟ್‌ಗೆ ಕೆಲಸವೇ ಇಲ್ಲ. ವೆಯ್ಟ್ ಏರಿಸಿದರೂ ವೇಗ ಹೆಚ್ಚಲಿಲ್ಲ ಎನ್ನುವ ದೂರಿನ ಹಿಂದೆ ಬಹುತೇಕ ಈ ಗಡಿಯೇ ಇರುತ್ತದೆ.

ಹಾಗೆಂದು ಎಲ್ಲರಿಗೂ 16 ವರ್ಚುವಲ್ ಪ್ರೊಸೆಸರ್ ಕೊಟ್ಟು ಕೈತೊಳೆದುಕೊಳ್ಳುವುದು ಇನ್ನೂ ಕೆಟ್ಟದ್ದು. ಪವರ್7 ಪ್ಲಸ್ ಮತ್ತು ನಂತರದವುಗಳಲ್ಲಿ ಒಂದು ವರ್ಚುವಲ್ ಪ್ರೊಸೆಸರ್‌ಗೆ 0.05 ಕೋರ್ ಇದ್ದರೂ ವ್ಯವಸ್ಥೆ ಒಪ್ಪುತ್ತದೆ (ಹಿಂದಿನವುಗಳಲ್ಲಿ 0.10). ಒಪ್ಪಿತೆಂದ ಮಾತ್ರಕ್ಕೆ ಅದು ಒಳ್ಳೆಯದಲ್ಲ. ಪೂಲ್ ತುಂಬಿದಾಗ ಇಷ್ಟು ಸಣ್ಣ ಪಾಲು ಕ್ಷಣದಲ್ಲಿ ಮುಗಿದು, ಮುಂದಿನ ಸರದಿಗೆ ಕಾಯಬೇಕು. ಅಷ್ಟರಲ್ಲಿ ಬೇರೆ ಕೋರ್‌ಗೆ ಹೋದರೆ ಕ್ಯಾಶ್‌ನಲ್ಲಿದ್ದ (ಕೋರ್‌ನ ಪಕ್ಕದ ವೇಗದ ಮೆಮೊರಿ) ದತ್ತಾಂಶವನ್ನು ಹೊಸದಾಗಿ ತರಬೇಕು. ಬೇಡದ ವರ್ಚುವಲ್ ಪ್ರೊಸೆಸರ್‌ಗಳನ್ನು ಎಐಎಕ್ಸ್ ತಾನೇ ಮಡಚಿಡುತ್ತದೆ ನಿಜ, ಆದರೆ ಲೋಡ್ ಏರಿದಾಗ ಅವು ಮತ್ತೆ ಎದ್ದು ಕೂರುತ್ತವೆ. ಖಾತರಿಯ ಎರಡು ಪಟ್ಟಿನೊಳಗೆ ನಿಲ್ಲಿಸುವುದು ಕ್ಷೇಮ.

ಪರಿಶೀಲನೆ. ‘ಎಲ್‌ಪಾರ್‌ಸ್ಟಾಟ್’ ಆಜ್ಞೆಯನ್ನು ‘ಐ’ ಆಯ್ಕೆಯೊಂದಿಗೆ ಕೊಟ್ಟರೆ ಮೂರೂ ಸಂಖ್ಯೆ ಮತ್ತು ಮೋಡ್ ಕಾಣುತ್ತವೆ. ಅದೇ ಆಜ್ಞೆಯನ್ನು 2 ಸೆಕೆಂಡ್ ಅಂತರದಲ್ಲಿ ಓಡಿಸಿದರೆ ‘ಎಂಟ್‌ಸಿ’ ಖಾತರಿಯ ಶೇಕಡಾವಾರು ಬಳಕೆ ಹೇಳುತ್ತದೆ. ಅದು ಶೇ 100 ದಾಟಿದೊಡನೆ ಅಲಾರಂ ಹೊಡೆಯುವಂತೆ ಇಡಬೇಡಿ. ಅನ್‌ಕ್ಯಾಪ್ಡ್ ಪಾರ್ಟಿಷನ್ ಶೇ 100 ದಾಟುವುದೇ ಈ ಏರ್ಪಾಟಿನ ಉದ್ದೇಶ. ಅಲಾರಂ ಬೇಕಾದದ್ದು ಪೂಲ್‌ನಲ್ಲಿ ಉಳಿದ ಕೋರ್ ತೋರಿಸುವ ‘ಆ್ಯಪ್’ ಅಂಕಣ ಸೊನ್ನೆಗೆ ಹತ್ತಿರವಾದಾಗ. ಆ ಅಂಕಣ ಕಾಣದಿದ್ದರೆ, ಎಚ್‌ಎಂಸಿಯಲ್ಲಿ ಪಾರ್ಟಿಷನ್‌ಗೆ ಕಾರ್ಯಕ್ಷಮತೆ ಮಾಹಿತಿ ಸಂಗ್ರಹಿಸುವ ಅನುಮತಿ ಕೊಟ್ಟಿಲ್ಲ ಎಂದೇ ಅರ್ಥ.

ಓಡುತ್ತಿರುವಾಗ ಸಂಖ್ಯೆ ಬದಲಿಸಲು ಎಚ್‌ಎಂಸಿ ಮತ್ತು ಪಾರ್ಟಿಷನ್ ನಡುವೆ ಆರ್‌ಎಂಸಿ ಎಂಬ ನಿರ್ವಹಣಾ ಸಂಪರ್ಕ ಬೇಕು. ಬದಲಾವಣೆ ವಿಫಲವಾದರೆ ಮೊದಲು ಫೈರ್‌ವಾಲ್‌ನಲ್ಲಿ 657ನೇ ಪೋರ್ಟ್ ಟಿಸಿಪಿ, ಯುಡಿಪಿ ಎರಡಕ್ಕೂ ತೆರೆದಿದೆಯೇ ನೋಡಿ. ಬದಲಿಸಿದ್ದನ್ನು ಪ್ರೊಫೈಲ್‌ಗೆ ಉಳಿಸದಿದ್ದರೆ, ಮುಂದೆ ಪ್ರೊಫೈಲ್‌ನಿಂದ ಎಬ್ಬಿಸಿದ ದಿನ ಹಳೆಯ ಸಂಖ್ಯೆಗಳೇ ವಾಪಸ್.

ಪರವಾನಗಿ ವಿಷಯ ಬೇರೆಯೇ. ಕೋರ್ ಲೆಕ್ಕದ ತಂತ್ರಾಂಶವಿರುವ ಕಡೆ ಅನ್‌ಕ್ಯಾಪ್ಡ್ ದುಬಾರಿಯಾಗಬಹುದು. ಒರಾಕಲ್ ತನ್ನ ಪಾರ್ಟಿಷನಿಂಗ್ ನೀತಿಯಲ್ಲಿ ಮೈಕ್ರೊ ಪಾರ್ಟಿಷನ್‌ಗಳ ಪೈಕಿ ಕ್ಯಾಪ್ಡ್ ಆದವನ್ನು ಮಾತ್ರ, ಪರವಾನಗಿ ಲೆಕ್ಕವನ್ನು ಮಿತಿಗೊಳಿಸುವ ‘ಗಟ್ಟಿ ವಿಭಜನೆ’ ಎಂದು ಒಪ್ಪುತ್ತದೆ. ಅಂಥ ಪಾರ್ಟಿಷನ್‌ಗಳನ್ನು ಪವರ್6ರಿಂದ ಲಭ್ಯವಿರುವ ಪ್ರತ್ಯೇಕ ಶೇರ್ಡ್ ಪೂಲ್‌ಗೆ ಸೇರಿಸಿ ಪೂಲ್‌ನ ಗರಿಷ್ಠವನ್ನು ಕಟ್ಟಿಹಾಕುವ ದಾರಿಯೂ ಇದೆ. ಆದರೆ ಆ ಮಿತಿಯನ್ನು ತಂತ್ರಾಂಶ ಕಂಪನಿ ಒಪ್ಪುತ್ತದೆಯೇ ಎಂದು ಒಪ್ಪಂದದಲ್ಲಿ ಓದಿಕೊಂಡ ಮೇಲೆಯೇ ‘ಅನ್‌ಕ್ಯಾಪ್ಡ್’ ಗುರುತು ಹಾಕಿ.